ಕಾಂಟೆಸ್ಸಾಗೆ ಗಟ್ಟಿ ಸ್ಪ್ರಿಂಗು, ಅವ್ವಗೆ ಬೆನ್ನುನೋವು

ನಮ್ಮನೇಲಿ ಅಪ್ಪನ ಕಾಲದ ಕಾಂಟೆಸ್ಸಾ ಇದೆ. ಹಿಂದೂಸ್ತಾನ್ ಮೋಟರ್ಸ್ 2002ರಲ್ಲೇ ನಿಲ್ಲಿಸಿದ ಗಾಡಿ. 'ಇಂಡಿಯಾದ ಮಸಲ್ ಕಾರ್' ಅಂತ ಜನ ಕೊಂಡಾಡೋದು ಕೇಳಿ ನನಗೂ ಹುಚ್ಚು ಹತ್ತಿತು. ತಿರುವಿನಲ್ಲಿ ದೋಣಿ ಥರ ವಾಲುತ್ತೆ ಅಂತ ಗಟ್ಟಿ ಸ್ಪ್ರಿಂಗು, ದಪ್ಪ ಸ್ವೇ ಬಾರ್ ಹಾಕಿಸಿದೆ.

ಕಲಬುರಗಿಯಿಂದ ಕಮಲಾಪುರದ ತನಕ ಹೆದ್ದಾರೀಲಿ ಗಾಡಿ ಸೂಪರ್! ಅಲ್ಲಿಂದ ಬಳಗದವರ ಕೆಂಪು ಬಾಳೆ ತೋಟದ ಹಾದಿ ಹಿಡಿದೆವು ನೋಡಿ... ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯೋ ಎರೆ ನೆಲ. ಹಿಂದೆ ಕೂತಿದ್ದ ಅವ್ವ, "ತಮ್ಮಾ, ತಿರುಗಿ ಹೋಗೂವಾಗ ನಾ ಬಸ್ಸಿಗೇ ಬರ್ತೀನಪ್ಪ" ಅಂದ್ಲು.

ಸ್ವೇ ಬಾರ್ ಅಂದ್ರೆ ಎಡ-ಬಲ ಚಕ್ರಗಳನ್ನು ಜೋಡಿಸೋ ಕಂಬಿ. ತಿರುವಿನಲ್ಲಿ ವಾಲೋದನ್ನು ತಡೆಯುತ್ತೆ, ನಿಜ. ಆದರೆ ಒಂದು ಚಕ್ರ ಗುಂಡಿಗೆ ಬಿದ್ದರೆ ಇನ್ನೊಂದನ್ನೂ ಎಳೆಯುತ್ತೆ. ಕಂಬಿಯ ವ್ಯಾಸ ಎರಡರಷ್ಟಾದರೆ ಬಿಗಿ 16 ಪಟ್ಟು! ಇಂಜಿನಿಯರಿಂಗಿನಲ್ಲಿ ಓದಿದ್ದೇ, ಪರೀಕ್ಷೆ ಮುಗಿದ ಮೇಲೆ ಮರೆತಿದ್ದೆ.

ಗ್ಯಾರೇಜಿನ ಮಿಸ್ತ್ರಿ ನಕ್ಕ. "ನಿಮ್ಮ ಹಳೀ ಸ್ಪ್ರಿಂಗ್ ಛಲೋ ಅವ ರೀ, ರಬ್ಬರ್ ಬುಷ್ ಹೋಗ್ಯಾವ." ಮೊದಲಿದ್ದದ್ದನ್ನೇ ವಾಪಸ್ ಹಾಕಿದೆವು. ಬುಷ್, ಶಾಕ್ ಅಬ್ಸಾರ್ಬರ್ ಮಾತ್ರ ಹೊಸವು. ವಾಲಾಟ ಮುಕ್ಕಾಲು ಪಾಲು ನಿಂತಿತು.

ನಾನು ಹೇಳೋದು ಇಷ್ಟೇ: ಹಳೇ ಗಾಡಿಗೆ ಮೊದಲು ರಿಪೇರಿ, ಆಮೇಲೆ ಅಪ್‌ಗ್ರೇಡ್. ಅದೂ ನೀವು ದಿನಾ ಓಡಿಸೋ ರೋಡು, ಹಿಂದೆ ಕೂರೋ ಜನ ನೋಡಿಕೊಂಡು. ಅವ್ವ ಈಗ ಮತ್ತೆ ಹಿಂದಿನ ಸೀಟಿನಲ್ಲಿ ನಿದ್ದೆ ಹೊಡೀತಾಳೆ.

ನೀವೇನಂತೀರಿ?