ಓಟಗಾರನ ನಿಗ್ರಹ

ನಿಗ್ರಹವೆಂಬುದು ಲಿಂಗಪೂಜೆಯ ವೇಳೆಗೆ ಸಲ್ಲುವ ಮಾತೆಂದೇ ನಾವು ಬಗೆದಿದ್ದೆವು. 2011ರಲ್ಲಿ ದಕ್ಷಿಣ ಕೊರಿಯಾದ ಡೇಗು ನಗರದ ವಿಶ್ವ ಅಥ್ಲೆಟಿಕ್ಸ್ ಕೂಟದಲ್ಲಿ, 100 ಮೀಟರ್ ಅಂತಿಮ ಓಟದಂದು, ಉಸೇನ್ ಬೋಲ್ಟ್ ಪಿಸ್ತೂಲಿನ ಸದ್ದಿಗೆ ಮುನ್ನವೇ ಹೊರಟು ಅನರ್ಹರಾದರು. ಅಂಥವರಿಗೂ ನಿಲ್ಲುವುದು ಅಷ್ಟು ಕಠಿಣ! ಚಲನೆಗೆ ಅಪ್ಪಣೆ ಕೊಡುವ ಮೆದುಳೇ ಅದನ್ನು ತಡೆಯಲೂ ಬೇಕು. ಹಣೆಯ ಹಿಂದಿನ ಭಾಗವೂ ಆಳದ ನರಗಂಟುಗಳೂ ಕೂಡಿ ಇದನ್ನು ನಡೆಸುತ್ತವೆ. ನುರಿತ ಕತ್ತಿವರಸೆಗಾರರಲ್ಲಿ ಈ ತಡೆ ಇತರರಿಗಿಂತ ಪ್ರಬಲವೆಂದು ಮೆದುಳಿನ ವಿದ್ಯುತ್ತನ್ನು ಅಳೆದವರು ಕಂಡಿದ್ದಾರೆ. ಅದು ಸಾಧನೆಯ ಫಲವೋ ಹುಟ್ಟುಗುಣವೋ ಎಂಬುದನ್ನು ಆ ಅಳತೆಯೊಂದೇ ಹೇಳದು. ನಮ್ಮ ಖೋ-ಖೋದಲ್ಲಿಯೂ, ಎದುರಾಳಿ ಕಣ್ಣೆದುರೇ ನುಸುಳಿದರೂ, ಬೆನ್ನ ಹಿಂದೆ ‘ಖೋ’ ಕೇಳುವವರೆಗೆ ಕುಳಿತವನು ಏಳುವಂತಿಲ್ಲ. ಆ ಆಟದ ನಡುವಿನಿಂದ ಮಕ್ಕಳನ್ನು ಓದಿಗೆಂದು ಗದರಿಸಿ ಒಳಗೆ ಕರೆದವರಲ್ಲಿ ನಾವೂ ಒಬ್ಬರು.