ಕರೆ ಮಾಡುವುದು ಅಸಭ್ಯತೆಯೆ?

ಮೊದಲು ಮೆಸೇಜಿನಲ್ಲಿ ಅಪ್ಪಣೆ ಬೇಡದೆ ಒಬ್ಬರಿಗೆ ನೇರವಾಗಿ ಫೋನ್ ಮಾಡುವುದು ಬಾಗಿಲು ತಟ್ಟದೆ ಪರರ ಮನೆಯೊಳಕ್ಕೆ ನುಗ್ಗಿದಂತೆ ಎಂದು, ವಿದ್ಯಾವಂತನೂ ವಿನೀತನೂ ಆದ ತರುಣನೊಬ್ಬನು ಈಚೆಗೆ ಒಂದು ಮದುವೆಯ ಮನೆಯಲ್ಲಿ, ಎರಡನೆಯ ಪಂಕ್ತಿಗೆ ಎಲೆ ಹಾಕುವುದನ್ನೇ ಕಾಯುತ್ತ ಕುಳಿತಿದ್ದ ನಮ್ಮೆಲ್ಲರ ಮುಂದೆ ಹೇಳಿದನು. ಅವನ ಓರಗೆಯವರು ಅದು ಸರ್ವಸಮ್ಮತವಾದ ಮಾತೆಂಬಂತೆ ತಲೆದೂಗಿದರು. ಉಪಮಾನವೇ ತಪ್ಪು. ಗಂಟೆ ಬಾರಿಸುವುದೇ ಬಾಗಿಲು ತಟ್ಟುವುದು. ತೆರೆಯುವ, ತೆರೆಯದಿರುವ ಸ್ವಾತಂತ್ರ್ಯ ಒಳಗಿರುವವನದು. ತೆರೆಯದಿದ್ದರೆ ತಟ್ಟಿದವನು ಏನೆಂದುಕೊಂಡಾನೋ ಎಂಬ ಸಂಕೋಚವನ್ನು ತಾಳಲಾರದವರು ತಟ್ಟುವುದನ್ನೇ ಅಪರಾಧವೆಂದು ಸಾರಿದ್ದಾರೆ. ಮೆಸೇಜಿನ ಸೌಜನ್ಯವೆಂದು ಹೊಗಳಿಸಿಕೊಳ್ಳುವುದು ಬಹುಮಟ್ಟಿಗೆ ಕಳುಹಿಸುವವನ ಸೌಕರ್ಯವೇ ಎಂಬುದು ನನ್ನ ಅಭಿಪ್ರಾಯ.

ಈ ಶಿಷ್ಟಾಚಾರದ ವಂಶಾವಳಿಯೂ ಅಷ್ಟೇನೂ ಉದಾತ್ತವಾದುದಲ್ಲ. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನ ನೀಲ್ ಪ್ಯಾಪ್‌ವರ್ತ್ ಎಂಬ ಯುವ ಎಂಜಿನಿಯರನು ತನ್ನ ಕಂಪ್ಯೂಟರಿನಿಂದ ಒಂದು ಫೋನಿಗೆ ಕ್ರಿಸ್‌ಮಸ್ಸಿನ ಶುಭಾಶಯವನ್ನು ಕಳುಹಿಸಿದಾಗ ಹುಟ್ಟಿದ ಈ ಎಸ್ಸೆಮ್ಮೆಸ್ಸಿಗೆ ರೋಮನ್ ಲಿಪಿಯಲ್ಲಿ 160 ಅಕ್ಷರಗಳ ಮಿತಿಯಿದ್ದಿತು. ಕನ್ನಡಕ್ಕಾದರೋ ಆ ಮಿತಿ 70 ಮಾತ್ರ, ಅದೂ ಗುಣಿತ ಒತ್ತುಗಳನ್ನೆಲ್ಲ ಬೇರೆ ಬೇರೆಯಾಗಿ ಎಣಿಸಿ, ‘ಸ್ತ್ರೀ’ ಎಂಬ ಒಂದಕ್ಷರಕ್ಕೆ ಆರರ ಲೆಕ್ಕ ಹಿಡಿದು! 1995ರ ಜುಲೈ 31ರಂದು ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರಮಂತ್ರಿ ಸುಖರಾಮರೊಡನೆ ಮಾತನಾಡಿ ನಮ್ಮ ದೇಶದ ಮೊದಲ ಮೊಬೈಲ್ ಕರೆಯನ್ನು ಮಾಡಿದ ಮೇಲೆ ಹಲವು ವರ್ಷಕಾಲ, ಕರೆ ಮಾಡಿದವನೂ ಹಣ ತೆರಬೇಕಾಗಿತ್ತು, ಎತ್ತಿದವನೂ ತೆರಬೇಕಾಗಿತ್ತು. 2003ರಲ್ಲಿ ಒಳಬರುವ ಕರೆಗಳು ಉಚಿತವಾಗುವ ತನಕ ಮತ್ತೊಬ್ಬರ ಮೊಬೈಲಿಗೆ ಗಂಟೆ ಹೊಡೆಸುವುದೆಂದರೆ ಅವರ ಜೇಬಿಗೆ ಕೈ ಹಾಕುವುದೇ ಆಗಿದ್ದುದರಿಂದ, ಆಗ ನಾಲ್ಕು ಪದದ ಮೆಸೇಜು ನಿಜವಾಗಿಯೂ ದಾಕ್ಷಿಣ್ಯದ ಕೆಲಸವಾಗಿತ್ತು. ಬಸ್ಸಿಳಿದೆನೆಂದು ತಿಳಿಸಲು ಎರಡು ಸಲ ರಿಂಗಾಗಿಸಿ ಕಡಿದುಬಿಡುವ ‘ಮಿಸ್ಡ್ ಕಾಲ್’ ವಿದ್ಯೆಯನ್ನು ನಮ್ಮ ಜನ ಕರಗತಮಾಡಿಕೊಂಡದ್ದೂ ಆ ಕಾಲದಲ್ಲಿಯೇ. 2016ರಲ್ಲಿ ಜಿಯೋ ಬಂದು ಮಾತಿಗೆ ಬೇರೆಯಾಗಿ ಬೆಲೆಯೇ ಇಲ್ಲವೆಂದಾಯಿತು. ಬೆಲೆ ಹೋದ ಮೇಲೆ ಅದರ ಹೆಸರಿನಲ್ಲಿ ನಡೆಯುತ್ತಿದ್ದ ಮಿತವ್ಯಯವೂ ಹೋಗಬೇಕಾಗಿದ್ದಿತಷ್ಟೆ? ಅದು ಹೋಗಲಿಲ್ಲ; ನಾಗರಿಕತೆಯೆಂಬ ಹೊಸ ಹೆಸರನ್ನಿಟ್ಟುಕೊಂಡು ಉಳಿಯಿತು.

ಫೋನಿನ ಮೇಲೆ ಹೊರಿಸಬಹುದಾದ ದೋಷಗಳಿಲ್ಲವೆಂದು ನಾನು ಹೇಳುವುದಿಲ್ಲ. ಅದನ್ನು ನಿರ್ಮಿಸಿದ ಗ್ರಹಾಮ್ ಬೆಲ್ಲನು ಕಿವುಡ ಮಕ್ಕಳ ಉಪಾಧ್ಯಾಯನಾಗಿದ್ದವನು. ಅವನ ತಾಯಿಗೆ ಕಿವಿ ಮಂದ, ಪತ್ನಿ ಮೇಬಲ್‌ಳಿಗೆ ಬಾಲ್ಯದ ಜ್ವರದಲ್ಲಿಯೇ ಶ್ರವಣಶಕ್ತಿ ನಷ್ಟವಾಗಿದ್ದಿತು. ಜಗತ್ತನ್ನೆಲ್ಲ ಮಾತನಾಡಿಸಿದ ಯಂತ್ರದಲ್ಲಿ ತನ್ನ ಹೆಂಡತಿಯೊಡನೆ ಒಂದು ಮಾತನ್ನೂ ಆಡಲಾರದವನು ಅವನು. 1964ರಲ್ಲಿ, ತಾನೇ ಕಿವುಡನಾಗಿದ್ದ ರಾಬರ್ಟ್ ವೈಟ್‌ಬ್ರೆಕ್ಟ್ ಎಂಬ ಅಮೆರಿಕದ ಭೌತವಿಜ್ಞಾನಿ ಟೆಲಿಪ್ರಿಂಟರನ್ನು ಫೋನಿನ ತಂತಿಗೆ ಜೋಡಿಸುವ ಉಪಾಯವನ್ನು ಕಂಡುಹಿಡಿಯುವವರೆಗೆ ಅಂಥವರ ಪಾಲಿಗೆ ಅದು ಮೂಕ ಪದಾರ್ಥವೇ ಸರಿ. ಮೆಸೇಜು ಅವರಿಗೆ ವರಪ್ರಾಯವಾಗಿ ಬಂದಿತು. ಮಾತು ತಡವರಿಸುವವರು, ಅಪರಿಚಿತರ ಕರೆಗಳಿಂದ ನೊಂದ ಹೆಣ್ಣುಮಕ್ಕಳು, ರಾತ್ರಿ ಹತ್ತಕ್ಕೆ ಮೇಲಧಿಕಾರಿಯ ಗಂಟೆಗೆ ಬೆಚ್ಚುವ ನೌಕರರು, ಇವರಿಗೆಲ್ಲ ಬರಹವನ್ನು ಆರಿಸಿಕೊಳ್ಳಲು ಸಾಧಾರವಾದ ಕಾರಣವುಂಟು. ಅವರೊಡನೆ ನನಗೆ ವಾದವಿಲ್ಲ. ಯಾವ ತೊಂದರೆಯೂ ಇಲ್ಲದವರು ಅವರ ಕಾರಣವನ್ನು ಕಡ ತಂದು ಮೆರೆಸುವುದರ ಬಗೆಗಷ್ಟೆ ನನ್ನ ಆಕ್ಷೇಪ. ಮೆಸೇಜಿನಿಂದ ಸಮಯ ಉಳಿಯುವುದೆಂಬ ವಾದಕ್ಕಾದರೋ, ಒಂದು ಸಂಜೆಯ ಕಾಫಿಗೆ ಎಲ್ಲಿ ಸೇರುವುದೆಂದು ಮಧ್ಯಾಹ್ನವಿಡೀ ಮೆಸೇಜು ಕುಟ್ಟುವವರನ್ನು ನೋಡಿದ ಯಾರೂ ಉತ್ತರ ಹೇಳಬೇಕಾಗಿಲ್ಲ.

ಬರಹದಲ್ಲಿ ಕಳೆದುಹೋಗುವುದು ಯಾವುದೆಂಬುದನ್ನು ನಮ್ಮ ಲಾಕ್ಷಣಿಕರು ಚೆನ್ನಾಗಿ ಬಲ್ಲವರಾಗಿದ್ದರು. ಅದಕ್ಕೆ ಅವರು ಕಾಕು ಎಂದರು. ಪದ ಒಂದೇ ಇದ್ದು ಧ್ವನಿಯ ಏರಿಳಿತದಿಂದ ಅರ್ಥ ತಿರುಗುವ ಈ ವ್ಯಾಪಾರವನ್ನು ಭರತನು ನಾಟ್ಯಶಾಸ್ತ್ರದಲ್ಲಿ ಸಾಕಾಂಕ್ಷ, ನಿರಾಕಾಂಕ್ಷ ಎಂದು ವಿಂಗಡಿಸಿದನು; ರುದ್ರಟನು ಅದನ್ನು ವಕ್ರೋಕ್ತಿಯಲ್ಲಿ ಸೇರಿಸಿ ಅಲಂಕಾರವೆಂದನು; ರಾಜಶೇಖರನು ಒಪ್ಪದೆ, ಅದು ಅಲಂಕಾರವಲ್ಲ, ಅಭಿಪ್ರಾಯಪೂರ್ವಕವಾದ ಪಾಠಧರ್ಮ ಎಂದು ಕಾವ್ಯಮೀಮಾಂಸೆಯಲ್ಲಿ ವಾದಿಸಿದನು. ಶಾಸ್ತ್ರ ಹಾಗಿರಲಿ. ಬೆಂಗಳೂರಿನ ಮಗನೊಬ್ಬನು, ಈ ಸಲ ಗೌರಿಹಬ್ಬಕ್ಕೆ ಬರಲಾಗುವುದಿಲ್ಲ, ರಜೆ ಇಲ್ಲ ಎಂದು ಸಾಗರದಲ್ಲಿರುವ ತಾಯಿಗೆ ಮೆಸೇಜು ಕಳುಹಿಸುತ್ತಾನೆ. ತಾಯಿ ‘ಆಯ್ತು ಬಿಡು’ ಎಂದು ಉತ್ತರ ಕೊಡುತ್ತಾಳೆ. ಮಗನು, ಒಪ್ಪಿದಳಲ್ಲ ಎಂದು ನಿರಾಳವಾಗಿ ತನ್ನ ಕೆಲಸಕ್ಕೆ ತಿರುಗುತ್ತಾನೆ. ಅದೇ ‘ಆಯ್ತು ಬಿಡು’ ಫೋನಿನಲ್ಲಿ ಬಂದಿದ್ದರೆ ‘ಆಯ್ತು’ವಿಗೂ ‘ಬಿಡು’ವಿಗೂ ನಡುವೆ ಅರ್ಧ ಉಸಿರಿನಷ್ಟು ತೆರಪಿರುತ್ತಿತ್ತು, ಕೊನೆಯ ಉಕಾರ ಕೆಳಕ್ಕೆ ಜಾರುತ್ತಿತ್ತು, ಅವನು ಫೋನಿಟ್ಟವನೇ ರಾತ್ರಿಯ ಬಸ್ಸಿಗೆ ಟಿಕೆಟ್ಟು ಹುಡುಕುತ್ತಿದ್ದನು. ಈ ಕೊರತೆಯನ್ನು ತುಂಬಲೆಂದೇ ಹಳದಿ ಮುಖದ ಚಿತ್ರಗಳಿವೆಯಲ್ಲ ಎಂಬುವರುಂಟು. ಇವೆ, ಆದರೆ ಆ ಮುಖಗಳನ್ನು ಕಳುಹಿಸುವವನು ಪಟ್ಟಿಯಿಂದ ಆರಿಸಿ ಹಾಕುತ್ತಾನೆ. ರಾಜಶೇಖರನ ಕಾಕು ಅಭಿಪ್ರಾಯಪೂರ್ವಕವಾದುದು. ಫೋನಿನಲ್ಲಿ ನಮಗೆ ಕೇಳಿಸುವುದು, ಮಾತನಾಡುವವನ ಅಪ್ಪಣೆಯಿಲ್ಲದೆಯೇ, ಅವನು ಅಡಗಿಸಬೇಕೆಂದಿದ್ದರೂ ಹೊರಬಿದ್ದುಬಿಡುವಂಥದು. ಹೊಸ ಶಿಷ್ಟಾಚಾರಕ್ಕೆ ಭಯವಿರುವುದು ಇದರದೇ ಎಂದು ನನಗೆ ತೋರುತ್ತದೆ.

ಆದುದರಿಂದಲೇ ಅದರ ನಿಜಸ್ವರೂಪ ಕಾಣುವುದು ಕಷ್ಟದ ಸುದ್ದಿಗಳಲ್ಲಿ. ವರ್ಷಾನುಗಟ್ಟಲೆ ದುಡಿದವನಿಗೆ ನಾಳೆಯಿಂದ ಬರಬೇಡವೆಂದು, ಮಾತಾಗಿದ್ದ ಸಂಬಂಧ ಮುರಿಯಿತೆಂದು ಮೆಸೇಜಿನಲ್ಲಿ ತಿಳಿಸುವವರು ಯಾರ ನೆಮ್ಮದಿಯನ್ನು ಕಾಪಾಡುತ್ತಿದ್ದಾರೆ? ಎದುರಿನವನ ‘ಯಾಕೆ?’ ಎಂಬ ಒಂದು ಪ್ರಶ್ನೆಯನ್ನು ಕೇಳಬೇಕಾದ ಸಂಕಟದಿಂದ ತಮ್ಮನ್ನೇ ಕಾಪಾಡಿಕೊಳ್ಳುತ್ತಿದ್ದಾರೆ. ಇದಕ್ಕೆ ಹೇಡಿತನವೆಂಬುದಲ್ಲದೆ ಬೇರೆ ಹೆಸರಿಲ್ಲ. ಬಂಧುವೊಬ್ಬರು ತೀರಿಕೊಂಡರೆಂಬ ಸುದ್ದಿ ಕುಟುಂಬದ ವಾಟ್ಸಾಪ್ ಗುಂಪಿಗೆ ಬಿದ್ದ ಕೂಡಲೇ ‘ಓಂ ಶಾಂತಿ’ಗಳು ಕೈಮುಗಿದ ಚಿತ್ರಗಳೊಡನೆ ಸಾಲುಗಟ್ಟುವುವು, ಮೇಲಿನವನದನ್ನು ಕೆಳಗಿನವನು ನಕಲು ಮಾಡಿ ಅಂಟಿಸುತ್ತಾನೆ, ಅಲ್ಲಿಗೆ ಎಲ್ಲರ ಹಾಜರಿಯೂ ಆಯಿತು. ಅದೇ ಮನೆಗೆ ಫೋನ್ ಮಾಡಿದವನು ಏನು ಹೇಳಬೇಕೆಂದು ತೋಚದೆ ತಡವರಿಸುತ್ತಾನೆ, ಅತ್ತ ಕಡೆಯ ಅಳುವನ್ನೋ ಮೌನವನ್ನೋ ಕೇಳುತ್ತ ನಿಲ್ಲುತ್ತಾನೆ. ಅವನ ಕಾಲು ಗಂಟೆ ಹೋಗುತ್ತದೆ; ದುಃಖದಲ್ಲಿರುವವರಿಗೆ ಬೇಕಾಗಿರುವುದು ಆ ಕಾಲು ಗಂಟೆಯೇ.

ಖಾತೆಯ ಸಂಖ್ಯೆ, ರೈಲಿನ ವೇಳೆ, ಮನೆಯ ವಿಳಾಸ ಇವನ್ನು ಯಾರೂ ಬಾಯಲ್ಲಿ ಹೇಳಬೇಕಾಗಿಲ್ಲ. ಬರೆದು ಕಳುಹಿಸುವುದೇ ಲೇಸು. ಎದುರಿನವರು ಹೇಳಬೇಕಾದದ್ದೂ ಇದ್ದೀತೆಂಬ ವಿಷಯಕ್ಕೆ ಫೋನ್ ಮಾಡಿ. ಹಾಗೆಯೇ ಊರಿನ ಹಿರಿಯರೊಬ್ಬರು ಅಪ್ಪಣೆ ಬೇಡದೆ ಕರೆ ಮಾಡಿದಾಗ, ದಯವಿಟ್ಟು, ‘ಏನು ವಿಷಯ?’ ಎಂದು ಮೊದಲೇ ಕೇಳಬೇಡಿ. ‘ಸುಮ್ಮನೆ ಮಾಡಿದೆ’ ಎಂಬುದು ನಮ್ಮವರಲ್ಲಿ ಸಾಕಷ್ಟು ದೊಡ್ಡ ವಿಷಯವೇ. ಪುರುಸೊತ್ತಿಲ್ಲದಿದ್ದರೆ ಎತ್ತಬೇಡಿ, ಅವರೇನೂ ತಪ್ಪು ತಿಳಿಯುವುದಿಲ್ಲ; ಸಂಜೆಯೊಳಗೆ ನೀವೇ ತಿರುಗಿ ಮಾಡಿದರಾಯಿತು.