ಮರಳಿದವರೂ ಮರಳದವರೂ

2011ನೆಯ ಇಸವಿಯ ಮಾರ್ಚ್ 11ರ ಅಪರಾಹ್ನ 2 ಗಂಟೆ 46 ನಿಮಿಷಕ್ಕೆ ಜಪಾನಿನ ಈಶಾನ್ಯ ತೀರದಾಚೆಯ ಸಮುದ್ರಗರ್ಭವು ನಡುಗಿ, ಅದರ ಬೆನ್ನಿಗೇ ಎದ್ದ ಸುನಾಮಿಯ ತೆರೆಗಳು ಕರಾವಳಿಯ ಊರುಕೇರಿಗಳನ್ನು ಕೊಚ್ಚಿಕೊಂಡು ಹೋಗಿ, ಸತ್ತವರೂ ಕಾಣೆಯಾದವರೂ ಕೂಡಿ 18,000ಕ್ಕೂ ಮಿಕ್ಕ ಜನ ಇಲ್ಲವಾದುದನ್ನು ಲೋಕವೆಲ್ಲ ಕಂಡಿತು. ಆ ದುಃಖವು ಎಷ್ಟು ಘೋರವಾದುದಾದರೂ, ಮಿಯಾಗಿ, ಇವಾತೆ ಪ್ರಾಂತಗಳಲ್ಲಿ ಅದನ್ನು ಎದುರಿಸುವ ದಾರಿಯು ಮನುಷ್ಯನಿಗೆ ಹಿಂದಿನಿಂದಲೂ ತಿಳಿದ ದಾರಿಯೇ ಆಗಿತ್ತು: ಶವಗಳನ್ನು ಹುಡುಕಿದರು, ಸಂಸ್ಕಾರ ಮಾಡಿದರು, ಕೆಸರನ್ನು ಬಳಿದು ತೆಗೆದರು, ಎತ್ತರದ ನೆಲವನ್ನು ಅರಸಿ ಮತ್ತೆ ಮನೆ ಕಟ್ಟಿಕೊಂಡರು. ನೆರೆಯ ಫುಕುಶಿಮಾದಲ್ಲಿ ಈ ದಾರಿ ಮುಚ್ಚಿಹೋಯಿತು. ಅಲ್ಲಿ ಅನೇಕರ ಮನೆಗಳು ನಿಂತೇ ಇದ್ದವು; ತೋಟದಲ್ಲಿ ಹಣ್ಣು ಹಣ್ಣಾಗಿಯೇ ಇದ್ದಿತು; ಆದರೆ ಮನೆಯವರು ಮನೆಯೊಳಗೆ ಇರಕೂಡದಾಯಿತು. ಅಂದಿನಿಂದ ಇಂದಿನವರೆಗೆ ಆ ಜನರ ಚೇತರಿಕೆಯನ್ನು, ಎಷ್ಟು ಮಂದಿ ಮರಳಿ ಬಂದರು ಎಂಬ ಒಂದೇ ಲೆಕ್ಕದಿಂದ ಅಳೆಯುವ ಪದ್ಧತಿ ಬೆಳೆದುಬಂದಿದೆ. ಈ ಪದ್ಧತಿ ಅನ್ಯಾಯವಾದುದೆಂದು ಹೇಳುವುದಕ್ಕಾಗಿಯೇ ಈ ಲೇಖನ.

ನಡೆದುದನ್ನು ಸಂಕ್ಷೇಪವಾಗಿ ಹೇಳಬಹುದು. ಫುಕುಶಿಮಾ ದಾಯಿಇಚಿ ಅಣುವಿದ್ಯುತ್ ಸ್ಥಾವರದ 6 ರಿಯಾಕ್ಟರುಗಳ ಪೈಕಿ ಆ ಹೊತ್ತಿಗೆ 3 ನಡೆಯುತ್ತಿದ್ದವು. ಭೂಮಿ ನಡುಗಿದೊಡನೆ ಅವು ತಾವಾಗಿಯೇ ನಿಂತವು. ಆದರೆ ನಿಂತ ರಿಯಾಕ್ಟರಿನ ಇಂಧನವೂ ಬಹುಕಾಲ ಶಾಖವನ್ನು ಸೂಸುತ್ತಲೇ ಇರುವುದರಿಂದ ಅದಕ್ಕೆ ನೀರು ಹಾಯುತ್ತಲೇ ಇರಬೇಕು. ಹೊರಗಿನ ವಿದ್ಯುತ್ತು ಭೂಕಂಪದಿಂದ ತಪ್ಪಿಹೋಗಿತ್ತು. ನೆಲಮಾಳಿಗೆಗಳಲ್ಲಿದ್ದ ಡೀಸೆಲ್ ಜನರೇಟರುಗಳನ್ನು ಸುಮಾರು 14 ಮೀಟರಿಗೂ ಎತ್ತರವಾಗಿ ಬಂದ ಅಲೆ ಮುಳುಗಿಸಿತು. ಮೂರು ರಿಯಾಕ್ಟರುಗಳ ಇಂಧನವೂ ಕರಗಿತು. ಮಾರ್ಚ್ 12, 14 ಮತ್ತು 15ರಂದು ಜಲಜನಕ ಸಿಡಿದು ಕಟ್ಟಡಗಳು ಒಡೆದವು. ಕ್ರಿ.ಶ. 869ರಲ್ಲಿಯೂ ಇಂಥದೊಂದು ಮಹಾ ಸುನಾಮಿ ಈ ತೀರಕ್ಕೆ ಬಂದಿತ್ತೆಂಬುದನ್ನು ವಿದ್ವಾಂಸರು ಬಲ್ಲವರಾಗಿದ್ದರು. 15 ಮೀಟರಿಗೂ ಮಿಕ್ಕ ಅಲೆ ಬರಬಹುದೆಂಬ ಗಣಿತವು ಸ್ಥಾವರವನ್ನು ನಡೆಸುತ್ತಿದ್ದ ವಿದ್ಯುತ್ ಕಂಪನಿಯ ಕಡತಗಳಲ್ಲೇ 2008ರಿಂದ ಇದ್ದಿತು. ಜಪಾನಿನ ಸಂಸತ್ತು ನೇಮಿಸಿದ ಸ್ವತಂತ್ರ ಆಯೋಗವು 2012ರ ಜುಲೈಯಲ್ಲಿ, ಇದು ಮನುಷ್ಯಕೃತವಾದ ಅನಾಹುತವೆಂದು ಸಂಶಯಕ್ಕೆಡೆಯಿಲ್ಲದಂತೆ ಹೇಳಿತು. ಹಾಗೆ ಹೇಳುವುದಕ್ಕೆ ಸಾಕ್ಷಿಯೂ ಅದೇ ಕರಾವಳಿಯಲ್ಲಿದೆ. ಭೂಕಂಪದ ಕೇಂದ್ರಕ್ಕೆ ಇನ್ನೂ ಸಮೀಪವಾಗಿದ್ದ ಒನಗಾವ ಅಣುಸ್ಥಾವರವನ್ನು, ಕಟ್ಟುವ ಕಾಲದಲ್ಲಿಯೇ ಸಮುದ್ರಮಟ್ಟದಿಂದ 14.8 ಮೀಟರು ಎತ್ತರದಲ್ಲಿ ಕಟ್ಟಿದ್ದರಿಂದ ಅದು ಉಳಿಯಿತು. ಮನೆ ಕಳೆದುಕೊಂಡ ಸುತ್ತಲ ಗ್ರಾಮಸ್ಥರು ಅದರ ಆವರಣದಲ್ಲಿಯೇ ತಿಂಗಳುಗಟ್ಟಲೆ ಆಶ್ರಯ ಪಡೆದರು.

ಫುಕುಶಿಮಾದ ದುಃಖವು ಬೇರೆಯ ಬಗೆಯದಾದುದು ಹೇಗೆಂಬುದನ್ನು ತಿಳಿಯಬೇಕಾದರೆ ನಮಿಯೆ ಪಟ್ಟಣದ ಉಕೆದೋ ಎಂಬ ಬೆಸ್ತರ ಕೇರಿಯ ಒಂದು ರಾತ್ರಿಯನ್ನು ನೆನೆಯಬೇಕು. ಸಮುದ್ರಕ್ಕೆ ಕೂಗಳತೆಯಲ್ಲಿದ್ದ ಅಲ್ಲಿನ ಪ್ರಾಥಮಿಕ ಶಾಲೆಯ ಮಕ್ಕಳು ಉಪಾಧ್ಯಾಯರ ಮಾತಿನಂತೆ ಗದ್ದೆಗಳ ನಡುವೆ ಓಡಿ ಓಹಿರಾ ಗುಡ್ಡವನ್ನೇರಿ, ಒಬ್ಬರೂ ತಪ್ಪದಂತೆ ಎಲ್ಲರೂ ಬದುಕಿಕೊಂಡರು. ಕೇರಿಯಲ್ಲಿ ಉಳಿದವರ ಮೇಲೆ ಮನೆಗಳು ಕುಸಿದವು. ಆ ರಾತ್ರಿ ಹುಡುಕಲು ಹೋದ ಊರಿನ ಅಗ್ನಿಶಾಮಕ ದಳದವರಿಗೆ ಅವಶೇಷಗಳ ಅಡಿಯಿಂದ ನರಳುವ ದನಿ ಕೇಳಿಸಿತು. ಕತ್ತಲೆಯಲ್ಲಿ, ಯಂತ್ರಗಳಿಲ್ಲದೆ, ಮತ್ತೊಂದು ಅಲೆಯ ಭಯದಲ್ಲಿ ಏನನ್ನೂ ಮಾಡಲಾರದೆ, ಬೆಳಗಾದೊಡನೆ ಬರುವೆವೆಂದು ಅವರು ಹಿಂದಿರುಗಿದರು. ಬೆಳಗಾಗುವ ಹೊತ್ತಿಗೆ, ಸ್ಥಾವರದಿಂದ 10 ಕಿಲೋಮೀಟರಿನೊಳಗಿನವರೆಲ್ಲರೂ ತೆರಳತಕ್ಕದ್ದೆಂಬ ಆಜ್ಞೆ ಹೊರಟಿತ್ತು. ಉಕೆದೋ ಆ ವೃತ್ತದೊಳಗೆ ಸೇರಿತ್ತು. ಹುಡುಕುವ ಕೆಲಸ ಮತ್ತೆ ಪ್ರಾರಂಭವಾದುದು ಒಂದು ತಿಂಗಳು ಕಳೆದ ಮೇಲೆ. ತಮ್ಮವರ ದನಿಯನ್ನು ಕೇಳಿಯೂ ಬಿಟ್ಟುಹೋಗಬೇಕಾದವರ ಎದೆಯಲ್ಲಿ ನಿಂತ ಭಾರವನ್ನು ಅಳೆಯುವ ಮಾಪನ ಯಾವ ಪ್ರಯೋಗಶಾಲೆಯಲ್ಲಿಯೂ ಇಲ್ಲ.

ಆಜ್ಞೆಯ ವೃತ್ತವು ಒಂದೇ ದಿನದಲ್ಲಿ 3 ಕಿಲೋಮೀಟರಿನಿಂದ 10ಕ್ಕೆ, 10ರಿಂದ 20ಕ್ಕೆ ಹಿಗ್ಗಿತು. ಎಲ್ಲಿಗೆ, ಎಷ್ಟು ದಿನಕ್ಕೆ ಎಂದು ಯಾರೂ ಹೇಳಲಿಲ್ಲವಾಗಿ, ಜನರು ಉಟ್ಟ ಬಟ್ಟೆಯಲ್ಲಿ, ನಾಲ್ಕು ದಿನಕ್ಕೆ ಮರಳುವೆವೆಂಬ ನಂಬಿಕೆಯಿಂದ ಹೊರಟರು. ನಮಿಯೆಯ ಸಾವಿರಾರು ಮಂದಿ ವಾಯವ್ಯದ ಬೆಟ್ಟಗಳ ನಡುವಣ ತ್ಸುಶಿಮಾಕ್ಕೆ ಹೋಗಿ ತಂಗಿದರು. ವಿಕಿರಣದ ಮೋಡವು ಗಾಳಿಯೊಡನೆ ಸಾಗಿ ಮಳೆಯಾಗಿ, ಹಿಮವಾಗಿ ಇಳಿದದ್ದೂ ಆ ದಿಕ್ಕಿನಲ್ಲಿಯೇ. ಮೋಡವು ಯಾವ ಕಡೆಗೆ ಹರಡೀತೆಂದು ಗಣಿಸುವ ವ್ಯವಸ್ಥೆಯೊಂದು ಸರ್ಕಾರದ ಕೈಯಲ್ಲಿದ್ದಿತು. ಅದು ಗಣಿಸಿಯೂ ಇದ್ದಿತು. ಆದರೆ ಆ ಮಾತು ಜನರಿಗೆ ಮುಟ್ಟಲಿಲ್ಲ. ಸ್ಥಾವರಕ್ಕೆ ಸಮೀಪದ ಓಕುಮಾದ ಆಸ್ಪತ್ರೆಯೊಂದರಿಂದ ಹಾಸಿಗೆ ಹಿಡಿದ ವೃದ್ಧರನ್ನು ಬಸ್ಸುಗಳಲ್ಲಿ ಕುಳ್ಳಿರಿಸಿ, ಔಷಧವಾಗಲಿ ಶುಶ್ರೂಷೆಯಾಗಲಿ ಇಲ್ಲದೆ, ಗಂಟೆಗಟ್ಟಲೆ ಸುತ್ತುದಾರಿಯಲ್ಲಿ ಸಾಗಿಸಿದರು. ಆ ಸಾಗಾಟದಲ್ಲಿಯೂ ಅದರ ಆಸುಪಾಸಿನ ದಿನಗಳಲ್ಲಿಯೂ ಆ ರೋಗಿಗಳಲ್ಲಿ 40ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಫುಕುಶಿಮಾ ಪ್ರಾಂತದಲ್ಲಿ ಭೂಕಂಪ ಸುನಾಮಿಗಳಿಂದ ನೇರವಾಗಿ ಸತ್ತವರು 1,600ಕ್ಕೆ ಮಿಕ್ಕಿದ್ದರೆ, ಅನಂತರ ಅಲೆದಾಟದಿಂದ, ಚಿಕಿತ್ಸೆ ತಪ್ಪಿದ್ದರಿಂದ, ಮನಸ್ಸು ಮುರಿದುದರಿಂದ, ಆತ್ಮಹತ್ಯೆಯಿಂದ ಸತ್ತವರೆಂದು ಸರ್ಕಾರವೇ ಒಪ್ಪಿಕೊಂಡವರ ಸಂಖ್ಯೆ 2,300ನ್ನು ದಾಟಿದೆ. ಸಮುದ್ರ ಕೊಂದದ್ದಕ್ಕಿಂತ ನಿರ್ವಸತಿ ಕೊಂದದ್ದು ಹೆಚ್ಚು.

ಈ ಸಂಖ್ಯೆಯನ್ನು ಮುಂದಿಟ್ಟುಕೊಂಡು ವಾದಿಸುವವರಲ್ಲಿ ಎರಡು ಪಕ್ಷಗಳುಂಟು. ವಿಕಿರಣದಿಂದ ಸತ್ತವರು ಇಲ್ಲವೆಂಬಷ್ಟು ವಿರಳ, ಭಯವೇ ಕೊಂದಿತು, ಆದುದರಿಂದ ಭಯವನ್ನು ಬಿಟ್ಟರೆ ಸಾಕೆಂದು ಒಂದು ಪಕ್ಷ; ಆ ನೆಲವೆಲ್ಲ ವಿಷ, ಅಲ್ಲಿ ಇರುವವರೆಲ್ಲರೂ ಮೋಸಹೋದವರು ಎಂದು ಇನ್ನೊಂದು. ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿಯು, ನಿವಾಸಿಗಳಲ್ಲಿ ನೇರವಾಗಿ ವಿಕಿರಣದಿಂದಲೇ ಆದುದೆನ್ನಬಹುದಾದ ಅನಾರೋಗ್ಯವನ್ನು ಕಂಡಿಲ್ಲವೆಂದು ಹೇಳಿರುವುದನ್ನು ಗೌರವದಿಂದ ಓದಬೇಕು; ಸ್ಥಾವರದಲ್ಲಿ ದುಡಿದ ಒಬ್ಬ ಕಾರ್ಮಿಕನ ಶ್ವಾಸಕೋಶದ ಕ್ಯಾನ್ಸರಿನ ಮರಣಕ್ಕೆ ವಿಕಿರಣವೇ ಕಾರಣವೆಂದು 2018ರಲ್ಲಿ ಜಪಾನ್ ಸರ್ಕಾರ ಒಪ್ಪಿದುದನ್ನೂ ಮರೆಯಬಾರದು. ಆದರೆ ಈ ಎರಡು ಪಕ್ಷಗಳಿಗೂ ಮನುಷ್ಯನು ವಿಕಿರಣದ ಪ್ರಮಾಣವನ್ನು ಹೀರುವ ಒಂದು ದೇಹ ಮಾತ್ರವಾಗಿದ್ದಾನೆ. ತನ್ನ ಮಗುವಿಗೆ ತೋಟದ ಹಣ್ಣನ್ನು ಕೊಡಲೋ ಬೇಡವೋ ಎಂದು ನಿತ್ಯವೂ ತೂಗಬೇಕಾದ ತಾಯಿಯ ಸ್ಥಿತಿ ಈ ವಾದದೊಳಗೆ ಎಲ್ಲಿಯೂ ಸೇರಲಿಲ್ಲ. ಆಕೆಗೆ ಸರ್ಕಾರವು ಮೊದಲ ದಿನಗಳಲ್ಲಿ ಹೇಳಬೇಕಾದುದನ್ನು ಹೇಳಲಿಲ್ಲ. ಅನಂತರ ಅದೇ ಸರ್ಕಾರವು ಸುರಕ್ಷಿತವೆಂದಾಗ ನಂಬದಿದ್ದುದನ್ನು ಅಜ್ಞಾನವೆಂದು ಕರೆಯುವುದು ಸಲ್ಲದು.

ಇಯಿತಾತೆಯ ಕಥೆ ಇನ್ನೂ ಹೆಚ್ಚು ನಿಧಾನವಾಗಿ ಹೇಳತಕ್ಕದ್ದು. ಸ್ಥಾವರದಿಂದ 30, 40 ಕಿಲೋಮೀಟರು ದೂರದ, ಸುಮಾರು 6,000 ಜನರ, ಗದ್ದೆಗೂ ದನಕ್ಕೂ ಹೆಸರಾದ ಈ ಮಲೆಯ ಹಳ್ಳಿ, ಅಣುವಿದ್ಯುತ್ತಿನಿಂದ ಬರುವ ಅನುದಾನವನ್ನು ಉಂಡದ್ದಲ್ಲ. ಮಾರ್ಚಿನಲ್ಲಿ ಕರಾವಳಿಯಿಂದ ಓಡಿಬಂದವರಿಗೆ ಅನ್ನವಿಕ್ಕಿ ಹಾಸಿಗೆ ಹಾಕಿದ ಊರು ಅದು. ಏಪ್ರಿಲ್ 22ರಂದು, ಒಂದು ತಿಂಗಳೊಳಗಾಗಿ ನೀವೂ ತೆರಳಿರಿ ಎಂದು ಅದಕ್ಕೂ ಅಪ್ಪಣೆಯಾಯಿತು. ಹೆಸರಿಟ್ಟು ಸಾಕಿದ ದನಗಳನ್ನು ಜನ ಮಾರಿದರು, ಕಸಾಯಿಗೆ ಕಳುಹಿದರು; 20 ಕಿಲೋಮೀಟರಿನ ವೃತ್ತದೊಳಗಂತೂ ಹಗ್ಗ ಬಿಚ್ಚಲು ಕೂಡ ಸಮಯವಿಲ್ಲದೆ ಬಿಟ್ಟುಹೋದ ದನಗಳು ಕೊಟ್ಟಿಗೆಗಳಲ್ಲಿ ಮೇವು ನೀರಿಲ್ಲದೆ ಸತ್ತವು. ಮುಂದೆ ಊರನ್ನು ಶುದ್ಧಗೊಳಿಸುವ ಕಾರ್ಯ ನಡೆಯಿತು. ವಿಕಿರಣಶೀಲ ಸೀಸಿಯಂ ಜೇಡಿಯ ಕಣಗಳಿಗೆ ಬಲವಾಗಿ ಅಂಟಿಕೊಂಡು ನೆಲದ ಮೇಲ್ಪದರದಲ್ಲೇ ನಿಲ್ಲುವುದರಿಂದ, ಗದ್ದೆಗಳ ಮೇಲ್ಮಣ್ಣನ್ನು 5 ಸೆಂಟಿಮೀಟರಿನಷ್ಟು ಕೆತ್ತಿ ತೆಗೆದು ಕರಿಯ ಚೀಲಗಳಿಗೆ ತುಂಬಿ, ಅದರ ಸ್ಥಾನದಲ್ಲಿ ಗುಡ್ಡದಿಂದ ಅಗೆದು ತಂದ ಮರಳುಮಣ್ಣನ್ನು ಹರಡಿದರು. ಯಂತ್ರದ ದೃಷ್ಟಿಯಿಂದ ಇದು ಸಫಲವಾದ ಕೆಲಸ. ಮಾಪಕದ ಅಂಕೆ ಇಳಿಯಿತು. ಆದರೆ ಗೊಬ್ಬರ ಹಾಕಿ, ಉತ್ತು, ಕಳೆ ಕಿತ್ತು, ನೀರು ನಿಲ್ಲಿಸಿ, ತಲೆಮಾರುಗಳ ಪರಿಶ್ರಮದಿಂದ ಹದಗೊಂಡ ಮಣ್ಣು ಅದೇ 5 ಸೆಂಟಿಮೀಟರಿನಲ್ಲಿದ್ದಿತೆಂಬುದನ್ನು ನಮ್ಮ ಯಾವ ರೈತನಿಗೂ ಬಿಡಿಸಿ ಹೇಳಬೇಕಾದುದಿಲ್ಲ. ಮನೆಯಂಗಳವೂ ಗದ್ದೆಯೂ ಶುದ್ಧವಾದರೂ ಹಿಂದಿನ ಬೆಟ್ಟದ ಕಾಡು ಹಾಗೆಯೇ ಉಳಿಯಿತು. ವಸಂತದಲ್ಲಿ ಎಳೆಚಿಗುರನ್ನೂ ಶರತ್ಕಾಲದಲ್ಲಿ ಅಣಬೆಯನ್ನೂ ಆಯ್ದು ತಂದು ನೆರೆಮನೆಗಳಿಗೆ ಹಂಚುವುದು ಆ ಜನರ ಬಾಳಿನ ಬಹುದೊಡ್ಡ ಸಂತೋಷವಾಗಿತ್ತು. ಕಾಡಣಬೆಯಲ್ಲಿ ಸೀಸಿಯಂ ಇಂದಿಗೂ ಉಳಿದಿದೆ, ಅದರ ಅರ್ಧಾಯುಷ್ಯ 30 ವರ್ಷ.

ಕೆತ್ತಿ ತೆಗೆದ ಮಣ್ಣಿನಂತೆಯೇ ಜನರ ನಡುವಣ ವಿಶ್ವಾಸವೂ ಕಿತ್ತುಹೋಯಿತು. ತೆರವಿನ ಗೆರೆಯ ಈಚೆಯವರಿಗೆ ಮಾನಸಿಕ ಯಾತನೆಗೆಂದು ತಲೆಗೆ ತಿಂಗಳಿಗೆ 1,00,000 ಯೆನ್ ಪರಿಹಾರ ದೊರೆತರೆ, ಗೆರೆಯ ಆಚೆಯ ನೆರೆಯವರಿಗೆ ಅದು ದೊರೆಯಲಿಲ್ಲ. ಪರಿಹಾರ ಪಡೆದವರು ಅಸೂಯೆಗೂ, ಪಡೆಯದವರು ಉಪೇಕ್ಷೆಗೂ ಪಾತ್ರರಾದರು. ವಿಕಿರಣದ ಪ್ರಮಾಣವು ವರ್ಷಕ್ಕೆ 20 ಮಿಲಿಸೀವರ್ಟ್ ಮೀರದ ಊರುಗಳಿಗೆ ಮರಳಬಹುದೆಂದು ಸರ್ಕಾರ ನಿಶ್ಚಯಿಸಿತು. ಗಂಡ ಕೆಲಸಕ್ಕಾಗಿ ಫುಕುಶಿಮಾದಲ್ಲಿ ಉಳಿದು, ಹೆಂಡತಿ ಮಕ್ಕಳೊಡನೆ ದೂರದ ಪ್ರಾಂತದಲ್ಲಿ ಬಿಡಾರ ಹೂಡಿ, ವರ್ಷಗಳು ಕಳೆಯುತ್ತ ಸಂಸಾರವೇ ಎರಡಾದ ಉದಾಹರಣೆಗಳುಂಟು. ಆಜ್ಞೆಯಿಲ್ಲದೆ ತಾವಾಗಿ ಊರು ಬಿಟ್ಟ ಇಂಥವರಿಗೆ ಕೊಡುತ್ತಿದ್ದ ಬಾಡಿಗೆಯಿಲ್ಲದ ವಸತಿಯನ್ನು 2017ರ ಮಾರ್ಚಿನಲ್ಲಿ ನಿಲ್ಲಿಸಲಾಯಿತು. ಇಯಿತಾತೆಯ ಬಹುಭಾಗದ ಆಜ್ಞೆ ಹಿಂದೆಗೆದದ್ದೂ ಅದೇ ತಿಂಗಳು. ಬಾಗಿಲು ತೆರೆದಿದೆ, ಇನ್ನು ಬರುವುದು ನಿಮಗೆ ಸೇರಿದ್ದು ಎಂಬ ಈ ಮಾತು ಸ್ವಾತಂತ್ರ್ಯದ ವೇಷ ತೊಟ್ಟ ಒತ್ತಾಯವೆಂದೇ ನನ್ನ ನಿಶ್ಚಿತವಾದ ಅಭಿಪ್ರಾಯ. 2022ರ ಜೂನಿನಲ್ಲಿ ಜಪಾನಿನ ಸರ್ವೋಚ್ಚ ನ್ಯಾಯಾಲಯವು ಈ ಅನಾಹುತದ ಹೊಣೆ ಸರ್ಕಾರದ್ದಲ್ಲವೆಂದು ತೀರ್ಪಿತ್ತ ಮೇಲೆ, ಮರಳದವರ ಪಾಲಿಗೆ ಕೇಳುವ ಬಾಗಿಲುಗಳೂ ಕಡಿಮೆಯಾದವು.

ಮರಳಿ ಬಂದವರ ಧೈರ್ಯವನ್ನು ಕಡೆಗಣಿಸಿ ನಾನು ಈ ಮಾತು ಹೇಳುತ್ತಿಲ್ಲ. ಬಂದವರಲ್ಲಿ ಬಹುಮಂದಿ ವೃದ್ಧರು. ಶಾಲೆ, ಅಂಗಡಿ, ವೈದ್ಯರು ದೂರವಾದ ಊರುಗಳಲ್ಲಿ, ಕಾಡುಹಂದಿಗಳು ಹೊಕ್ಕು ಹಾಳುಗೆಡವಿದ ಮನೆಗಳನ್ನು ತೊಳೆದು ಬಳಿದು ದೀಪ ಹಚ್ಚಿದವರು. ಅಲ್ಲಿನ ರೈತರು 2012ರಿಂದ ತಮ್ಮ ಅಕ್ಕಿಯ ಚೀಲಗಳನ್ನು ಒಂದೂ ಬಿಡದಂತೆ ವಿಕಿರಣದ ಪರೀಕ್ಷೆಗೆ ಒಡ್ಡಿದರು. ಕಿಲೋಗೆ 100 ಬೆಕ್ವೆರೆಲ್ ಎಂಬ ಕಟ್ಟುನಿಟ್ಟಾದ ಮಿತಿಯನ್ನು 2015ರ ಬೆಳೆಯಿಂದೀಚೆಗೆ ಯಾವ ಚೀಲವೂ ಮೀರಲಿಲ್ಲ. ಆದರೂ ಪೇಟೆಯಲ್ಲಿ ಅವರ ಅಕ್ಕಿಗೆ ಹಿಂದಿನ ಬೆಲೆ ಬಹುಕಾಲ ದೊರೆಯಲಿಲ್ಲ. ಬೆಸ್ತರ ಪಾಡೂ ಇದೇ. ಅವರು ಮೀನುಗಾರಿಕೆಯನ್ನು ಹಂತಹಂತವಾಗಿ ಚಿಗುರಿಸಿಕೊಳ್ಳುತ್ತಿದ್ದಾಗಲೇ, 2023ರ ಆಗಸ್ಟ್ 24ರಂದು, ಸ್ಥಾವರದ ಸಂಸ್ಕರಿಸಿದ ನೀರನ್ನು ಸಮುದ್ರಕ್ಕೆ ಬಿಡುವ ಕಾರ್ಯ, ಅವರ ವಿರೋಧವಿದ್ದರೂ, ಪ್ರಾರಂಭವಾಯಿತು. ಫುತಾಬಾ ಪಟ್ಟಣದ ಬಾಗಿಲು ತೆರೆದದ್ದು ಹನ್ನೊಂದು ವರ್ಷಗಳ ಮೇಲೆ, 2022ರ ಆಗಸ್ಟಿನಲ್ಲಿ; ಹಿಂದೆ ಸುಮಾರು 7,000 ಜನರಿದ್ದ ಆ ಊರಿಗೆ ಬಂದು ನೆಲೆಸಿದವರು ತೀರ ಕೆಲವರು. ಅವರನ್ನು ನೋಡಿ ಊರು ಚೇತರಿಸಿತೆನ್ನುವುದೂ ಸುಳ್ಳು. ಬಾರದ ಸಾವಿರಾರು ಮಂದಿ ಊರನ್ನು ತೊರೆದರೆನ್ನುವುದೂ ಸುಳ್ಳು. ಅವರಲ್ಲಿ ಎಷ್ಟೋ ಜನ ಇಂದಿಗೂ ವರ್ಷಕ್ಕೊಮ್ಮೆಯಾದರೂ ಪಿತೃಗಳ ಸಮಾಧಿಯನ್ನು ತೊಳೆಯಲು ಬರುತ್ತಾರೆ.

ಅನಾಹುತವೇ ಇನ್ನೂ ಮುಗಿದಿಲ್ಲ. ಕರಗಿ ಗಟ್ಟಿಯಾದ ಇಂಧನ ಸುಮಾರು 880 ಟನ್ನಿನಷ್ಟು ಇನ್ನೂ ರಿಯಾಕ್ಟರುಗಳ ಒಳಗಿದೆ. 2024ರ ನವೆಂಬರಿನಲ್ಲಿ ಮೊದಲ ಬಾರಿಗೆ ಹೊರತೆಗೆದದ್ದು ಒಂದು ಗ್ರಾಮಿಗೂ ಕಡಿಮೆ. ಓಕುಮಾ ಫುತಾಬಾಗಳ ನಡುವೆ ಕೂಡಿಟ್ಟಿರುವ, ಕೆತ್ತಿ ತೆಗೆದ ಮಣ್ಣನ್ನು 2045ರೊಳಗೆ ಪ್ರಾಂತದ ಹೊರಗೆ ಒಯ್ಯುವುದಾಗಿ ಕಾನೂನಿನ ವಚನವಿದೆ.

ಕನ್ನಡಿಗರಿಗೂ ಇದರಲ್ಲಿ ಯೋಚಿಸತಕ್ಕದ್ದುಂಟು. ಕಾಳೀ ನದಿಯ ದಡದ ಕೈಗಾದಲ್ಲಿ 220 ಮೆಗಾವಾಟಿನ 4 ಅಣುವಿದ್ಯುತ್ ಘಟಕಗಳಿವೆ. ತಲಾ 700 ಮೆಗಾವಾಟಿನ ಇನ್ನೆರಡಕ್ಕೆ ಕೇಂದ್ರ ಸರ್ಕಾರ 2017ರಲ್ಲಿ ಒಪ್ಪಿಗೆ ಕೊಟ್ಟಿದೆ. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ, 1989ರಲ್ಲಿ, ಲೋಕಸಭೆಯ ಚುನಾವಣೆಗೆ ನಿಂತು ಕೈಗಾದ ಪ್ರಶ್ನೆಯನ್ನು ಉತ್ತರ ಕನ್ನಡ ಜಿಲ್ಲೆಯ ಮನೆಮನೆಗೆ ಮುಟ್ಟಿಸಿದ್ದರು. ಕೈಗಾ ಸಮುದ್ರತೀರದಲ್ಲಿಲ್ಲ, ಫುಕುಶಿಮಾದ ಅಲೆ ಅಲ್ಲಿಗೆ ಬರುವುದಿಲ್ಲ. ಆದರೆ ತೆರವಿನ ಪ್ರಶ್ನೆ ಅಲೆಯದಲ್ಲ, ದಾರಿಯದು. 2024ರ ಜನವರಿ 1ರಂದು ಜಪಾನಿನ ನೋತೋ ಪರ್ಯಾಯದ್ವೀಪದಲ್ಲಿ ಭೂಮಿ ಕಂಪಿಸಿದಾಗ, ಅಲ್ಲಿನ ಅಣುಸ್ಥಾವರದ ಸುತ್ತಣ ಜನರು ತೆರಳಬೇಕೆಂದು ಗೊತ್ತುಮಾಡಿದ್ದ ರಸ್ತೆಗಳಲ್ಲಿಯೇ ಬಹಳಷ್ಟು ಕಡಿದುಹೋಗಿದ್ದವು. ಅದೇ ವರ್ಷದ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ ದಿನಗಟ್ಟಲೆ ಮುಚ್ಚಿಹೋದುದನ್ನು ಉತ್ತರ ಕನ್ನಡದವರು ಕಣ್ಣಾರೆ ಕಂಡಿದ್ದಾರೆ. ಆದುದರಿಂದ ಹೊಸ ಘಟಕಗಳ ಬಗ್ಗೆ ಪರವಾಗಿರುವವರೂ ವಿರೋಧವಾಗಿರುವವರೂ ಒಟ್ಟಾಗಿ ಕೇಳಬಹುದಾದ ಕೆಲವು ಮಾತುಗಳಿವೆ. ಆಷಾಢದ ಮಳೆಯಲ್ಲಿ ಕದ್ರಾ, ಮಲ್ಲಾಪುರಗಳಿಂದ ಜನರನ್ನು ಯಾವ ದಾರಿಯಿಂದ ಕರೆದೊಯ್ಯುವರು? ಹಾಸಿಗೆ ಹಿಡಿದವರನ್ನು ಎತ್ತುವವರು ಯಾರು, ಅವರ ಜೊತೆಗೆ ಹೋಗುವ ವೈದ್ಯರು ಯಾರು? ಕೊಟ್ಟಿಗೆಯ ದನಗಳ ಗತಿ ಏನು? ಗಾಳಿ ಬೀಸುವ ದಿಕ್ಕನ್ನು ಜನರಿಗೆ ಹೇಳುವ ಹೊಣೆ ಯಾರದು? ಇವುಗಳಿಗೆ ಉತ್ತರವನ್ನು ಜಿಲ್ಲಾಡಳಿತವು ಕನ್ನಡದಲ್ಲಿ ಅಚ್ಚುಮಾಡಿಸಿ ಪ್ರತಿಯೊಂದು ಪಂಚಾಯಿತಿಯ ಗ್ರಾಮಸಭೆಯಲ್ಲಿ ಓದಿಸಬೇಕು. ಓದಿಸುವ ತನಕ ಗ್ರಾಮಸ್ಥರು ಕೇಳುತ್ತಲೇ ಇರಬೇಕು.